ನಲವತ್ನಾಲ್ಕು ಡಿಗ್ರಿ, ಮೂರು ಸಿನಿಮಾ

ಮೊದಲನೆಯದಕ್ಕೆ ಹೋದದ್ದು, ನಿಜ ಹೇಳಬೇಕೆಂದರೆ,
ಏಸಿಗಾಗಿ.
ಮಿಲ್ಡುರಾದಲ್ಲಿ ಜನವರಿಯೆಂದರೆ
ಕಾರಿನ ಸ್ಟಿಯರಿಂಗನ್ನೂ ಬಟ್ಟೆ ಸುತ್ತಿ ಹಿಡಿಯಬೇಕು,
ದ್ರಾಕ್ಷಿಗೆ ಬಳ್ಳಿಯಲ್ಲೇ ಒಣಗಿಬಿಡುವ ಆತುರ.
ಪ್ಯಾಕಿಂಗ್ ಶೆಡ್ಡು ಹನ್ನೊಂದಕ್ಕೇ ಬಾಗಿಲು ಹಾಕಿತು.
ಪಕ್ಕದ ಮನೆಯ ರೊಸೆಟ್ಟಾ, ಎಪ್ಪತ್ತಾರರ ಇಟಲಿಯ ಮುದುಕಿ,
ಬೇಲಿಯಾಚೆಯಿಂದ ಕೂಗಿದಳು:
ಮಂಗಳವಾರ, ಅರ್ಧ ರೇಟು, ಬಾ.

ಹೊಸ ಸಿನಿಮಾ. ಮೂರು ಗಂಟೆ ಹತ್ತು ನಿಮಿಷ.
ಅದರಲ್ಲಿ ಎರಡು ಗಂಟೆ ನಾಯಕ ಬೀಳುತ್ತಲೇ ಇದ್ದ,
ಕಟ್ಟಡದಿಂದ, ಹೆಲಿಕಾಪ್ಟರಿನಿಂದ, ಇನ್ನೊಂದು ಗ್ರಹದಿಂದ.
ಅಂಗಿಯ ಇಸ್ತ್ರಿ ಮಾತ್ರ ಮುರಿಯಲಿಲ್ಲ.
ಆ ಸದ್ದಿಗೆ ಕುರ್ಚಿ ನಡುಗಿ, ಕುರ್ಚಿಗೆ ನನ್ನ ಬೆನ್ನು ನಡುಗಿ,
ವರ್ಷವಿಡೀ ಕಿತ್ತಳೆ ಪೆಟ್ಟಿಗೆ ಎತ್ತಿದ ನೋವು
ಒಂಚೂರು ಸಡಿಲಾಯಿತು. ಸುಳ್ಳೇಕೆ ಹೇಳಲಿ.
ರೊಸೆಟ್ಟಾ ಚೀಲದಿಂದ ಬಾದಾಮಿ ತೆಗೆದು ಕಟಕಟ ಕಡಿದಳು,
ಭೂಮಿ ನಾಶವಾಗುವಾಗ ನಿದ್ದೆ ಹೋದಳು,
ಭೂಮಿ ಉಳಿದ ಮೇಲೆ ಎದ್ದು ಕೇಳಿದಳು:
ಏನಾದರೂ ತಪ್ಪಿತಾ ನನಗೆ?
ಇಲ್ಲ, ಎಂದೆ.
ನನ್ನ ವಿಮರ್ಶೆ ಅಷ್ಟೇ.

ಎರಡನೆಯದು ಅವಳು ಹುಟ್ಟುವ ಮೊದಲಿನದು,
ಲೈಬ್ರರಿಯ ಮೂಲೆಯಲ್ಲಿ ಸಿಕ್ಕ ಗೀರುಬಿದ್ದ ಡಿಸ್ಕು.
ಒಬ್ಬ ಕ್ಷೌರಿಕ. ಮಾತು ಬಿಟ್ಟ ಅಣ್ಣ ಸಾಯಲಿದ್ದಾನೆ.
ಅವನ ಗಡ್ಡ ಹೆರೆಯಲು ಗುಡ್ಡ ಹತ್ತಿ ಹೋಗುತ್ತಾನೆ.
ಕತೆ ಮುಗಿಯಿತು.
ಕತ್ತಿ ಮಸೆಯುವುದನ್ನೇ ಎಷ್ಟು ಹೊತ್ತು ತೋರಿಸುತ್ತಾರೆಂದರೆ
ನಮ್ಮ ಕಡೆಯ ಸಿನಿಮಾದಲ್ಲಾಗಿದ್ದರೆ ಅಷ್ಟರಲ್ಲಿ
ಎರಡು ಹಾಡು, ಒಂದು ಮಗು.
ಕೆಳಗಿನ ಅಕ್ಷರ ನಾನು ಓದುವಷ್ಟರಲ್ಲಿ ಓಡಿಹೋಗುತ್ತಿತ್ತು,
ರೊಸೆಟ್ಟಾ ಅರ್ಥ ಹೇಳುತ್ತಿದ್ದಳು, ನಡುವೆ ತನ್ನದೂ ಸೇರಿಸಿ:
'ಇವನು ಪೆದ್ದ. ಮೊದಲೇ ಹೋಗಬೇಕಿತ್ತು.'
ಅದು ಸಿನಿಮಾದ ಮಾತೋ ಅವಳದೋ, ಕೇಳಲಿಲ್ಲ.
ಮುಖಕ್ಕೆ ನೊರೆ ಹಚ್ಚಿದ್ದೇ ತಡ, ಡಿಸ್ಕು ನಿಂತಿತು.
ಲಂಗಕ್ಕೆ ಒರೆಸಿ ಹಾಕಿದಳು, ಮತ್ತೆ ನೊರೆಯಲ್ಲೇ ನಿಂತಿತು.
ಈರುಳ್ಳಿ ಹೆಚ್ಚುತ್ತೇನೆಂದು ಒಳಗೆ ಹೋದಳು.
ಅಡುಗೆ ಆಗಲೇ ಆಗಿತ್ತು.
ಇದಕ್ಕೆ ಹತ್ತಕ್ಕೆ ಒಂಬತ್ತು ಕೊಡಬಹುದು.

ಮೂರನೆಯದು ನಮ್ಮದು.
ಯಾರೋ ಪುಣ್ಯಾತ್ಮ ನೆಟ್ಟಿಗೆ ಹಾಕಿದ್ದ,
ಮೂಲೆಯಲ್ಲಿ ಎಂದೋ ಮುಚ್ಚಿಹೋದ ಚಾನೆಲ್ಲಿನ ಮುದ್ರೆ.
ಲಕ್ಷ್ಮೇಶ್ವರದ ಟೆಂಟಿನಲ್ಲಿ, ಏಳು ವರ್ಷದವಳಿದ್ದಾಗ,
ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂತು ನೋಡಿದ್ದು.
ಸೊಸೆ ಟ್ರಂಕು ಹಿಡಿದು ಹೊಸ್ತಿಲು ದಾಟಿದಳು,
ಅಲ್ಲಿಗೆ ನನಗೆ ನಿದ್ದೆ.
ಮುಂಜಾನೆ ಅಕ್ಕ ನೀಲವ್ವ ಹಲ್ಲುಜ್ಜುತ್ತ ಉಳಿದದ್ದು ಹೇಳಿದ್ದಳು:
ಆಕೆ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಳು,
ಅತ್ತೆಯೇ ಬಂದು ಕೈಯೊಡ್ಡಿದಳು.
ಮೂವತ್ತೈದು ವರ್ಷ ನಾನು ಆ ಅಂಗಡಿಯನ್ನು
ಕಣ್ಣಾರೆ ಕಂಡವಳಂತೆ ನಂಬಿದ್ದೆ. ಹಸಿರು ಗಾಜು, ಗೋಣಿದಾರ, ಎಲ್ಲ.

ಕಿಟಕಿಗೆ ಒದ್ದೆ ಚಾದರ ಕಟ್ಟಿ, ಮೊಬೈಲಿನಲ್ಲಿ,
ಈಗ ನೋಡಿದರೆ
ಹೊಳೆ. ದಂಡೆಯಲ್ಲಿ ಒಂದು ಚಪ್ಪಲಿ. ಶುಭಂ.
ಅಲ್ಲದೆ ನಾಯಕಿಯ ಮೂಗುತಿ ಒಂದು ಸೀನಿನಲ್ಲಿ ಎಡಕ್ಕೆ,
ಮುಂದಿನದರಲ್ಲಿ ಬಲಕ್ಕೆ.

ಫೋನು ಹಚ್ಚಿದೆ. ಅಲ್ಲಿ ಸಂಜೆ ಐದು.
'ಅಕ್ಕಾ, ಆಕಿ ಸಾಯ್ತಾಳಲ್ಲ!'
'ಅಯ್ಯ ಶಿವನ, ಯಾರವಾ?'
'ಸಿನಿಮಾದಾಕಿ. ಬಳಿ ಅಂಗಡಿ ಇಟ್ಟಳು ಅಂದಿದ್ದೆಲ್ಲ ನೀ.'
ಚಹಾ ಸೋಸುವ ಸದ್ದು.
'ನನಗೇನ ಗೊತ್ತು, ನಾನೂ ಮಕ್ಕೊಂಡಬಿಟ್ಟಿದ್ದೆ.
ಎದ್ದಕೂಡಲೇ ನೀ ಕಾಡಾಕ ಹತ್ತಿದಿ,
ಏನರ ಒಂದು ಹೇಳಬೇಕಿತ್ತಲ್ಲ.'

ಮತ್ತೆ ಮಂಗಳವಾರ. ನಲವತ್ತೊಂದು ಡಿಗ್ರಿ, ತಂಪೇ ಅನ್ನಿ.
ಟಿಕೆಟ್ಟಿನ ಸಾಲಿನಲ್ಲಿ ರೊಸೆಟ್ಟಾ ಕೇಳಿದಳು:
ನಿಮ್ಮೂರಿನ ಸಿನಿಮಾ ಏನಾಯಿತು ಕೊನೆಗೆ?
ಬಳೆ ಅಂಗಡಿ ಇಟ್ಟಳು, ಎಂದೆ,
ಬೋಣಿ ಅತ್ತೆಯದೇ.
ಚೆನ್ನಾಗಿದೆಯಲ್ಲ, ನನಗೂ ತೋರಿಸು, ಎಂದಳು.
ನೆಟ್ಟು ಸರಿಯಿಲ್ಲ, ಎಂದೆ.